ಕಲ್ಲಿಲ್ಲದ ತಲೆ

ಇನ್ನೂರು ಕಿಲೋ ತೂಕದ ಮೀನೊಂದನ್ನು ಉಟ್ಟ ಲುಂಗಿಯಲ್ಲಿ ಕಟ್ಟಿ, ಒಂದೇ ಕೈಯಲ್ಲಿ ಅಟ್ಲಾಂಟಿಕ್ ಸಮುದ್ರದಿಂದ ಮೇಲೆಳೆದ ಗಂಡಸು ಇಡೀ ಅಮೆರಿಕದಲ್ಲಿ ನಾನೊಬ್ಬನೇ. ಇನ್ನೊಂದು ಕೈ ಯಾಕೆ ಹಾಕಲಿಲ್ಲ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅದರಲ್ಲಿ ಕಾಫಿ ಇತ್ತು.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅದೇ ಮೀನನ್ನು ತಿಂದ ಮೇಲೆ ಮಂಜುಗಡ್ಡೆ ಮುಟ್ಟಿ ಕೈ ಸುಟ್ಟುಕೊಂಡವನೂ ನಾನೇ. ಅದನ್ನೂ ನೀವು ನಂಬುವುದಿಲ್ಲ, ಗೊತ್ತು. ಕತೆ ಪೂರ್ತಿ ಕೇಳಿ, ಎರಡರಲ್ಲಿ ಯಾವುದು ಸುಳ್ಳು ಎಂದು ಆಮೇಲೆ ಹೇಳಿ.

ಇದು 2005ರ ನವೆಂಬರ್ ಮೊದಲ ವಾರದ ಸಂಗತಿ. ಆಗ ನಾನು ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಲ್ಲಿ ಸರಕಾರಿ ಇಲಾಖೆಗಳ ಕಂಪ್ಯೂಟರ್ ನೋಡಿಕೊಳ್ಳುವ ಕಂಪನಿಯೊಂದರಲ್ಲಿದ್ದೆ. ಈ ರಘುಪತಿ ಒಂದು ದಿನ ರಜೆ ಹಾಕಿದರೆ ವಾಷಿಂಗ್‌ಟನ್ನಿನ ಅರ್ಧ ಊರು ಪೆನ್ನು ಕೆಳಗಿಟ್ಟು ಕೂರುತ್ತಿತ್ತು. ಹುಟ್ಟಿದ್ದು ಮಲ್ಪೆ. ನಮ್ಮಪ್ಪನಿಗೆ ಏಳು ದೋಣಿ. ನಾನು ನಡೆಯುವ ಮೊದಲೇ ಈಜಿದವನು.

ಆ ವಾರ ನನ್ನ ಹೆಂಡತಿ ಜಲಜಾಕ್ಷಿಯ ಅಣ್ಣ ವೇಣುಗೋಪಾಲ ಭಾವ ಜಾರ್ಜಿಯಾದ ಕಮ್ಮಿಂಗ್‌ನಿಂದ ನಮ್ಮ ಮನೆಗೆ ಬಂದಿದ್ದರು. ವಯಸ್ಸು ಐವತ್ತೆಂಟು. ಎರಡು ವರ್ಷದ ಹಿಂದೆ ಎದೆನೋವು ಬಂದು, ನಾಡಿಯನ್ನು ನಿಧಾನ ಮಾಡುವ ಮಾತ್ರೆ ನುಂಗುತ್ತಿದ್ದರು. ನಾಲಿಗೆಯನ್ನು ನಿಧಾನ ಮಾಡುವ ಮಾತ್ರೆಯನ್ನು ಯಾವ ಡಾಕ್ಟರೂ ಅವರಿಗೆ ಕೊಟ್ಟಿರಲಿಲ್ಲ.

"ಏಳು ದೋಣಿಯ ಕತೆ ಪುನಃ ಶುರು ಮಾಡ್ಬೇಡಿ ಮಾರಾಯ್ರೆ," ಎಂದರು ಗುರುವಾರದ ಊಟದಲ್ಲಿ. "ನಿಮ್ಮಪ್ಪ ಐಸ್ ಫ್ಯಾಕ್ಟರಿಯಲ್ಲಿ ಗುಮಾಸ್ತರು ಅಂತ ಮಲ್ಪೆಗೆ ಮಲ್ಪೆಗೇ ಗೊತ್ತುಂಟು. ಏಳು ದೋಣಿಗೆ ಐಸ್ ತುಂಬಿಸಿದ್ದು ಹೌದು. ಆ ಐಸ್ ಕರಗುವಾಗ ದೋಣಿ ನಿಮ್ಮದಾಯ್ತಾ?"

ಜಲಜಾಕ್ಷಿ ನಗು ತಡೆಯಲಾರದೆ ಸಾರಿನ ಪಾತ್ರೆಯೊಳಗೆ ಮುಖ ಮಾಡಿದಳು.

"ಇಪ್ಪತ್ತು ವರ್ಷದಲ್ಲಿ ಒಂದು ಬಂಗುಡೆಯಾದ್ರೂ ನೀವು ಹಿಡಿದದ್ದು ನಾನು ನೋಡ್ಲಿಲ್ಲ. ಅದೂ ಈ ವರ್ಜೀನಿಯಾದ ತಣ್ಣೀರಲ್ಲಿ ಎಂತ ಸಿಗ್ತದೆ? ಏಡಿ. ಅದೂ ಕೆಮ್ಮಿಕೊಂಡು ಬರ್ತದೆ."

"ಭಾನುವಾರ ಮಧ್ಯಾಹ್ನ ನಿಮ್ಮ ಎದುರಿಗೆ ಮುರು ಮೀನಿನ ತಲೆ ಇಡ್ತೇನೆ ಭಾವ. ವರ್ಜೀನಿಯಾದ್ದೇ. ನಾನೇ ಹಿಡಿದದ್ದೇ."

"ಇಡದಿದ್ರೆ?"

"ಮೀಸೆ ಬೋಳಿಸ್ತೇನೆ."

"ಡ್ಯಾಡ್, ನಿಮ್ಗೆ ಮೀಸೆ ಇಲ್ಲ," ಎಂದಳು ಹದಿನೈದರ ಮಗಳು ಅಪೂರ್ವಾ, ಪಿಜ್ಜಾದಿಂದ ತಲೆಯೆತ್ತದೆ.

ಮುರು ಮೀನು ಎಂದರೆ ಇಲ್ಲಿಯವರು ಗ್ರೂಪರ್ ಅನ್ನುತ್ತಾರಲ್ಲ, ಅದರ ಜಾತಿ. ದಪ್ಪ ತುಟಿ, ಗುಹೆಯಂಥ ಬಾಯಿ. ಸಮುದ್ರದಡಿಯ ಬಂಡೆಯಲ್ಲಿ ಒಂದು ಸಂದಿ ಹಿಡಿದರೆ ಮೂವತ್ತು ನಲವತ್ತು ವರ್ಷ ಅಲ್ಲೇ ಬಾಳುತ್ತದೆ. ನಮ್ಮ ಕಡೆ ಅದರ ತಲೆ ಮನೆಯ ಹಿರಿಯನಿಗೆ, ಇಲ್ಲವೇ ಬಂದ ನೆಂಟನಿಗೆ. ತಲೆ ಬಡಿಸಿದವನ ಮುಂದೆ ಯಾವ ನೆಂಟನೂ ಗಟ್ಟಿಯಾಗಿ ಮಾತಾಡುವುದಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ.

ಶುಕ್ರವಾರ ಆಫೀಸಿನಿಂದಲೇ ಹೊರಟೆ. ಚೆಸಪೀಕ್ ಕೊಲ್ಲಿಯ ಬಾಯಿಯಲ್ಲಿ ಒಂದು ಸೇತುವೆ ಇದೆ. ಮೈಲುಗಟ್ಟಲೆ ನೀರಿನ ಮೇಲೆ ಓಡಿ, ನಡುಸಮುದ್ರದಲ್ಲಿ ತಟ್ಟನೆ ಮುಳುಗಿ ಸುರಂಗವಾಗುತ್ತದೆ. ಮುಳುಗುವ ಕಡೆ ಬಂಡೆ ಪೇರಿಸಿ ದ್ವೀಪ ಮಾಡಿದ್ದಾರೆ. ಶನಿವಾರ ಬೆಳಿಗ್ಗೆ ಆ ಬಂಡೆಗಳ ಪಕ್ಕ, ಬಾಡಿಗೆ ದೋಣಿಯಲ್ಲಿ ಗಾಳ ಇಳಿಸಿದೆ.

ಒಂಬತ್ತು ಗಂಟೆಯವರೆಗೆ ತಲೆಯ ಮೇಲೆ ಸಮುದ್ರಕಾಗೆಗಳ ಗಲಾಟೆ. ಆಮೇಲೆ ಒಂದೂ ಇಲ್ಲ. ಹಾರಿಹೋದದ್ದನ್ನು ನಾನು ನೋಡಲಿಲ್ಲ, ಇರಲಿಲ್ಲ, ಅಷ್ಟೇ. ಅಲೆ ನಿಂತಿತು. ನೀರು ಎಣ್ಣೆಯ ಹಾಗೆ ಮಲಗಿತು. ದೋಣಿಯ ಹಲಗೆಯ ಕೆಳಗಿನಿಂದ ಸದ್ದು ಬಂತು. ಡುಮ್. ಸ್ವಲ್ಪ ತಡೆದು, ಮತ್ತೆ ಡುಮ್. ಮನೆಯೊಳಗಿದ್ದವರು ಹೊರಗಿನವರಿಗೆ ಕೇಳಲೆಂದು ಬಾಗಿಲು ತಟ್ಟಿದ ಹಾಗೆ. ನಾನು ಹಲಗೆಗೆ ಕಿವಿಯಿಟ್ಟೆ. ಮೂರನೆಯ ಸಲ ಅದು "ರಘೂ" ಎಂದಿತು.

ಗಾಳ ಭಾರವಾಯಿತು. ಎಳೆದಾಡಲಿಲ್ಲ ಅದು. ಯಾರೋ ಮೆಟ್ಟಿಲು ಹತ್ತಿ ಬರುವ ಹಾಗೆ ತಾನಾಗಿ ಮೇಲೆ ಬಂತು. ಮೊದಲು ಬಾಯಿ ಕಂಡಿತು, ಒಳಗೆ ನಾನು ಕೂತು ಊಟ ಮಾಡುವಷ್ಟು ಜಾಗ. ಆಮೇಲೆ ಕಣ್ಣು. ಆ ಕಣ್ಣು ನನ್ನನ್ನು ಮುನ್ನೂರು ವರ್ಷದಿಂದ ಬಲ್ಲಂತೆ ನೋಡಿತು. ಗಾಳದ ದಾರ ಹರಿಯಿತು. ಆಗ ಲುಂಗಿ ಬಿಚ್ಚಿದೆ. ಉಳಿದದ್ದು ನಿಮಗೆ ಗೊತ್ತು. ಇನ್ನೂರೈವತ್ತು ಕಿಲೋ.

ಶನಿವಾರ ಸಂಜೆ ಐಸ್ ಪೆಟ್ಟಿಗೆಯನ್ನು ಅಡಿಗೆಮನೆಯಲ್ಲಿ ತೆರೆದಾಗ ಭಾವ ಮಾತಾಡಲಿಲ್ಲ. ನಾನು ಅವರನ್ನು ಕಂಡ ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ತಲೆಯೊಂದೇ ಸಿಂಕಿನಲ್ಲಿ ಹಿಡಿಸಲಿಲ್ಲ. ಕನ್ನಡ ಸಂಘದ ಪಿಕ್‌ನಿಕ್ಕಿಗೆ ಬಿಸಿಬೇಳೆಬಾತ್ ಒಯ್ಯುವ ದೊಡ್ಡ ತಟ್ಟೆಯಲ್ಲಿ ಇಟ್ಟೆವು. ಕಂದು ಚರ್ಮ, ಒದ್ದೆ ಕಂಬಳಿಯ ಬಣ್ಣ. ಮುಚ್ಚಿದ್ದ ಬಾಯಿ, ಅಡಿಗೆಮನೆಯ ಶಾಖಕ್ಕೋ ಏನೋ, ನಾವು ನೋಡುತ್ತಿದ್ದ ಹಾಗೇ ನಿಧಾನವಾಗಿ ತೆರೆಯಿತು. ಒಳಗಿನಿಂದ ಒಂದು ಗುಟುಕು ನೀರು ಜಾರಿ ತಟ್ಟೆಗೆ ಬಿತ್ತು.

"ಇಟ್ಸ್ ಲುಕಿಂಗ್ ಅಟ್ ಮಿ," ಎಂದಳು ಅಪೂರ್ವಾ. ಅಡಿಗೆಮನೆಯ ಆಚೆ ತುದಿಗೆ ಹೋದಳು. "ಅಮ್ಮಾ, ಇಲ್ಲೂ ನೋಡ್ತಿದೆ."

"ಒಡಲೆಲ್ಲಿ?" ಭಾವ ಕೊನೆಗೂ ಕೇಳಿದರು.

"ದೋಣಿಯವರಿಗೆ, ದಂಡೆಯವರಿಗೆ ಹಂಚಿಬಿಟ್ಟೆ. ನಲವತ್ತು ಸಂಸಾರ ಉಂಡಿತು. ನಮಗೆ ತಲೆ ಸಾಕಲ್ಲ?"

ಲುಂಗಿ, ಕಾಫಿ, ಡುಮ್ ಎಂದು ಕರೆದ ಸದ್ದು, ಎಲ್ಲವನ್ನೂ ಹೇಳಿದೆ. ಭಾವ ತಲೆಯಾಡಿಸಿದರು. ನಂಬಿದರು! ನನ್ನ ಎದೆ ಎರಡಿಂಚು ಅಗಲವಾಯಿತು.

ಮೀನು ಶುದ್ಧ ಮಾಡುವುದು ಜಲಜಾಕ್ಷಿಯೇ. ಅವಳ ಅಜ್ಜಿ ದೊಡ್ಡ ಮೀನಿನ ತಲೆ ಬಂದರೆ ಬುರುಡೆಯೊಳಗಿನ ಎರಡು ಬಿಳಿ ಕಲ್ಲುಗಳನ್ನು ಮೊದಲು ತೆಗೆದು, ತೊಳೆದು, ಕುಂಕುಮದ ಕರಡಿಗೆಯಲ್ಲಿ ಇಡುತ್ತಿದ್ದರಂತೆ. ಉಗುರಿನಷ್ಟು ದೊಡ್ಡ ಕಲ್ಲು. ಮೀನು ಅದರಿಂದಲೇ ಕೇಳಿಸಿಕೊಳ್ಳುತ್ತದೆ. ಅಜ್ಜಿಯ ಆ ಕರಡಿಗೆ ಜಲಜಾಕ್ಷಿಯ ಜೊತೆ ಅಮೆರಿಕಕ್ಕೂ ಬಂದಿದೆ. ಅವಳು ತಲೆಯನ್ನು ಮಗುಚಿ, ಎರಡು ಬೆರಳು ಒಳಗೆ ಹಾಕಿ ಹುಡುಕಿದಳು. ಹುಡುಕುತ್ತಾ ಹುಡುಕುತ್ತಾ ಬೆರಳು ನಿಂತಿತು. ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಭಾವನ ಕಡೆ ತಿರುಗಿ, ಮತ್ತೆ ನನ್ನ ಕಡೆ ತಿರುಗಿ, ಏನೂ ಹೇಳದೆ ಕೈ ತೊಳೆದುಕೊಂಡಳು. ಇಂಥ ಗಂಡನನ್ನು ಪಡೆದ ಭಾಗ್ಯಕ್ಕೆ ಅವಳ ಬಾಯಿ ಕಟ್ಟಿತು ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಹುಳಿಖಾರದ ಪುಳಿಮುಂಚಿ ಸಾರು, ಕುಚ್ಚಲಕ್ಕಿ ಅನ್ನ. ಅರ್ಧ ಕಿಲೋ ಬ್ಯಾಡಗಿ ಮೆಣಸಿನ ಕೆಂಪು. ತಲೆಯನ್ನು ಭಾವನ ಎದುರಿಗಿಟ್ಟೆ. ಅವರು ಕೆನ್ನೆಯ ಮಾಂಸ, ತುಟಿ, ಕಣ್ಣಿನ ಸುತ್ತಲಿನ ಅಂಟು, ಬುರುಡೆಯೊಳಗಿನ ಬೆಣ್ಣೆಯಂಥದ್ದು, ಎಲ್ಲವನ್ನೂ ಒಂದೂವರೆ ತಾಸು ಕೂತು ತಿಂದರು. ನಾನು ಒಂದು ಕೆನ್ನೆ ತಿಂದೆ. ಜಲಜಾಕ್ಷಿ ಉಪ್ಪು ನೋಡಲು ಅಂಗೈಗೆ ಹಾಕಿಕೊಂಡದ್ದು ಬಿಟ್ಟರೆ ಮುಟ್ಟಲಿಲ್ಲ. "ಇಷ್ಟು ವಯಸ್ಸಾದದ್ದನ್ನು ನಂಗೆ ತಿನ್ಲಿಕ್ಕೆ ಆಗುದಿಲ್ಲ," ಎಂದಳು. ಅಪೂರ್ವಾಳಿಗೆ ಪಿಜ್ಜಾ ಇತ್ತು.

"ರಘುಪತಿ," ಎಂದರು ಭಾವ ಬೆರಳು ನೆಕ್ಕುತ್ತಾ. ಹಾಗೆ ಪ್ರೀತಿಯಿಂದ ನನ್ನ ಹೆಸರು ಅವರ ಬಾಯಲ್ಲಿ ಬಂದದ್ದೇ ಇರಲಿಲ್ಲ. "ನಾನು ಸೋತೆ ಮಾರಾಯ."

ಸಂಜೆ ಭಾವನಿಗೆ ವಾಂತಿಯಾಯಿತು. ಹೆಚ್ಚು ತಿಂದದ್ದಕ್ಕೆ ಎಂದರು, ಬೇಗ ಮಲಗಿದರು. ನನ್ನ ತುಟಿಯ ಸುತ್ತ ಇರುವೆ ಹರಿದಂತೆ ಆಗುತ್ತಿತ್ತು. ಮೆಣಸಿನದ್ದು ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಫೇರ್‌ಫ್ಯಾಕ್ಸ್‌ಗೆ ಆ ವರ್ಷದ ಮೊದಲ ಹಿಮ. ಹುಲ್ಲಿನ ಮೇಲೆ ಬಿಳಿ ಪುಡಿ ಕೂತಿತ್ತು. ಪೇಪರ್ ತರಲು ಬರಿಗಾಲಲ್ಲಿ ಹೊರಗೆ ಹೋದವನು ಮೂರನೆಯ ಹೆಜ್ಜೆಗೆ ಕೂಗಿಕೊಂಡೆ. ಅಂಗಾಲು ಉರಿಯಿತು. ಉತ್ಪ್ರೇಕ್ಷೆಯಲ್ಲ, ಕೆಂಡ ಹಾಯುವವರು ಹೇಳುತ್ತಾರಲ್ಲ, ಆ ಉರಿ. ಓಡಿಬಂದು ಬಾಗಿಲ ಹಿಡಿ ಹಿಡಿದರೆ ಹಿತ್ತಾಳೆ ಒಲೆಯಿಂದ ಇಳಿಸಿದಂತೆ. ಅಡಿಗೆಮನೆಗೆ ಹೋಗಿ ಫ್ರಿಜ್ಜಿನಿಂದ ಮಂಜುಗಡ್ಡೆ ಹಿಡಿದೆ, ಕೈ ಆರಲಿ ಎಂದು. ಅದು ಅಂಗೈಯನ್ನು ಸುಟ್ಟಿತು. ನೆಲಕ್ಕೆ ಬಿಸಾಡಿದೆ. ಮಂಜುಗಡ್ಡೆ ಟೈಲಿನ ಮೇಲೆ ಜಾರಿ, ಗೋಡೆಗೆ ತಾಗಿ, ತಣ್ಣಗೆ ಹೊಳೆಯುತ್ತಾ ನಿಂತಿತು. ಅಂಗೈಯಲ್ಲಿ ಗುರುತೇ ಇಲ್ಲ.

ಐಸ್ ಫ್ಯಾಕ್ಟರಿಯ ಗುಮಾಸ್ತನ ಮಗ ನಾನು. ಬುದ್ಧಿ ಬಂದಾಗಿನಿಂದ ಐಸಿನ ಮೇಲೆ ಕೂತು ಆಡಿದವನು. ಗೋಡೆಗೊರಗಿ ನಿಂತು ಆ ತುಂಡು ಕರಗುವುದನ್ನೇ ನೋಡಿದೆ.

ಮಹಡಿಯಿಂದ ಭಾವ ಕರೆದರು. ಅವರು ಹಾಸಿಗೆಯ ಅಂಚಿನಲ್ಲಿ ಕೂತು, ಒಂದು ಹಲ್ಲನ್ನು ಎರಡು ಬೆರಳಲ್ಲಿ ಹಿಡಿದಿದ್ದರು.

"ಹಲ್ಲೆಲ್ಲ ಸಡಿಲ ಆಗಿದೆ. ಬಾಯಿ ಮುಚ್ಚಿದ್ರೆ ಬೀಳ್ತದೆ ಅನಿಸ್ತದೆ."

ನೋಡಿದೆ. ಹಲ್ಲು ಗಟ್ಟಿಯಾಗಿಯೇ ಇದ್ದವು.

"ಕಿಟಕಿ ಮುಚ್ಚಿ. ಗಾಳಿ ಸುಡ್ತಾ ಉಂಟು."

ಕಿಟಕಿ ಮುಚ್ಚಿಯೇ ಇತ್ತು. ನಾನು ಮುಚ್ಚಿದಂತೆ ನಟಿಸಿದೆ.

"ಈಗಲೂ ಸುಡ್ತದೆ," ಎಂದರು. ಆಮೇಲೆ, ತುಂಬ ಮೆಲ್ಲಗೆ, "ರಘುಪತಿ, ಆ ಮೀನು ನಿಮ್ಮನ್ನು ಕರೆಯಿತು ಅಂದ್ರಲ್ಲ. ಎಂತ ಸದ್ದು ಅಂದ್ರಿ?"

"ಡುಮ್ ಅಂತ."

"ನಡುನಡುವೆ ತಡೆದು?"

"ಹೌದು."

ಅವರು ನನ್ನ ಕೈಯನ್ನು ಎತ್ತಿ ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಡುಮ್. ನಾನು ಕಾದೆ. ಕಾಯುತ್ತಲೇ ಇದ್ದೆ. ಇನ್ನು ಬರಲಿಕ್ಕಿಲ್ಲ ಎನಿಸಿದ ಮೇಲೆ, ಒಳಗಿನಿಂದ ಯಾರೋ ಬಾಗಿಲು ತಟ್ಟಿದಂತೆ, ಮತ್ತೆ ಡುಮ್.

ದೋಣಿಯ ಕೆಳಗಿನ ಆ ಸದ್ದನ್ನು ನಾನು ಕಟ್ಟಿ ಹೇಳಿದ್ದೆ. ಈಗ ಅದು ನನ್ನ ಅಂಗೈ ಕೆಳಗಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಿದವಳು ಅಪೂರ್ವಾ. ನನ್ನ ಬೆರಳು ಫೋನಿನ ತಣ್ಣನೆಯ ಗುಂಡಿ ಒತ್ತಲಾರದೆ ಹೋಯಿತು.

ಆಸ್ಪತ್ರೆಯಲ್ಲಿ ಭಾವನ ಎದೆಗೆ ತಂತಿ ಅಂಟಿಸಿದರು. ಪರದೆಯಲ್ಲಿ ನಾಡಿ ನಿಮಿಷಕ್ಕೆ ಮೂವತ್ತಾರು. ಸ್ವಲ್ಪ ಹೊತ್ತಿಗೆ ಮೂವತ್ತನಾಲ್ಕು. ಡಾಕ್ಟರು ಬಿಳಿಗೂದಲಿನ ಹೆಂಗಸು. ಭಾವನ ಪಾದಕ್ಕೆ ಒದ್ದೆ ಹತ್ತಿ ತಾಗಿಸಿದಳು, ಅವರು ಸುಟ್ಟವರಂತೆ ಕಾಲೆಳೆದುಕೊಂಡರು. ಅವಳು ತಿರುಗಿ ನಮ್ಮನ್ನು ನೋಡಿದಳು.

"ಇವರು ಮೀನು ತಿಂದಿದ್ದಾರೆಯೇ? ದೊಡ್ಡ ಮೀನು?"

"ಗ್ರೂಪರ್. ತಲೆ," ಎಂದಳು ಜಲಜಾಕ್ಷಿ.

"ಎಲ್ಲಿಯದು?"

ಭಾವ ಕಣ್ಣು ಮುಚ್ಚಿ ಮಲಗಿದ್ದರು. ಆದರೆ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ನಾನು ಸೋತೆ ಮಾರಾಯ ಎಂದ ಆ ಬಾಯಿ ಅರ್ಧ ತೆರೆದಿತ್ತು.

"ವರ್ಜೀನಿಯಾ," ಎಂದೆ. "ಕೊಲ್ಲಿಯ ಸೇತುವೆ ಹತ್ತಿರ. ನಾನೇ ಹಿಡಿದೆ. ಮುನ್ನೂರು ಕಿಲೋ."

"ನೀವೂ ತಿಂದಿರಾ? ನಿಮಗೇನಾದರೂ ಆಗಿದೆಯೇ?"

"ನಂಗಾ? ಕಲ್ಲು ತಿಂದು ಕರಗಿಸುವ ಹೊಟ್ಟೆ." ಎರಡೂ ಕೈ ಜೇಬಿನಲ್ಲಿದ್ದವು.

ಡಾಕ್ಟರು ಉಸಿರು ಬಿಟ್ಟಳು. "ಹಾಗಾದರೆ ನನ್ನ ಸಂಶಯ ತಪ್ಪು. ಹವಳದ ದಿಬ್ಬಗಳಿರುವ ಬಿಸಿನೀರಿನ ಮೀನಿನಲ್ಲಿ ಒಂದು ವಿಷ ಸೇರಿಕೊಳ್ಳುತ್ತದೆ, ಸಿಗ್ವಟೆರಾ ಎಂದು. ಮೀನು ದೊಡ್ಡದಾದಷ್ಟು, ಹಳೆಯದಾದಷ್ಟು ವಿಷ ಹೆಚ್ಚು. ತಲೆಯಲ್ಲಿ ಇನ್ನೂ ಹೆಚ್ಚು. ಕುದಿಸಿದರೂ ಹೋಗುವುದಿಲ್ಲ. ಆದರೆ ಇಲ್ಲಿಯ ತಣ್ಣೀರಿನ ಮೀನಿನಲ್ಲಿ ಅದು ಇರುವುದಿಲ್ಲ. ನೀವು ತಿಂದೂ ಚೆನ್ನಾಗಿದ್ದೀರಿ. ಇದು ಇವರ ಹೃದಯದ್ದೇ ತೊಂದರೆ. ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಿ ಹೃದಯವನ್ನು ನಡೆಸಬೇಕು. ಇವರಿರುವ ಸ್ಥಿತಿಯಲ್ಲಿ ಅದರಲ್ಲೂ ಅಪಾಯ ಇದೆ. ಸಹಿ ಬೇಕು."

ಕಾಗದ ಜಲಜಾಕ್ಷಿಯ ಕೈಗೆ ಬಂತು. ನರ್ಸೊಬ್ಬಳು, ನನ್ನ ಮುಖ ನೋಡಿ ಕರುಣೆ ಬಂದಿರಬೇಕು, ತಣ್ಣೀರಿನ ಬಾಟಲಿ ಚಾಚಿದಳು. ಬೇಡ ಎನ್ನುವ ಮೊದಲೇ ಅಭ್ಯಾಸದಿಂದ ಕೈ ಹೊರಬಂತು. ಹಿಡಿದೆ. ಕೂಗಿದೆ. ಬಾಟಲಿ ನೆಲಕ್ಕೆ ಬಿದ್ದು ಮಂಚದಡಿಗೆ ಉರುಳಿತು.

ಪರದೆ ಮೂವತ್ತೆರಡು ತೋರಿಸುತ್ತಿತ್ತು.

ಜಲಜಾಕ್ಷಿ ಪೆನ್ನನ್ನು ಮಂಚದ ಮೇಲಿಟ್ಟಳು.

"ಆ ತಲೆಯಲ್ಲಿ ಕಲ್ಲು ಇರ್ಲಿಲ್ಲ," ಎಂದಳು. ದನಿ ಏರಿಸಲಿಲ್ಲ. "ಎರಡೂ ಇರ್ಲಿಲ್ಲ. ಬುರುಡೆಗೆ ಗರಗಸ ಹಾಕಿದ ಗೀಟಿತ್ತು, ನೆಟ್ಟಗೆ, ಸ್ಕೇಲ್ ಇಟ್ಟ ಹಾಗೆ. ನಿಮಗಿಂತ ಮೊದಲು ಯಾರೋ ಅದನ್ನು ತೆರೆದಿದ್ದಾರೆ. ಅಂಗಡಿಯಿಂದ ತಂದು ಹಿಡಿದೆ ಅಂತ ಹೇಳ್ತಿದ್ದೀರಿ ಅಂದ್ಕೊಂಡೆ. ಅಣ್ಣನ ಎದುರು ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತ ಬಾಯಿ ಮುಚ್ಚಿದೆ. ಈಗ ಹೇಳಿ. ಎಲ್ಲಿಂದ ತಂದ್ರಿ?"

"ಜಲಜಾ, ಅದು..."

"ಮೂವತ್ತೆರಡು, ನೋಡಿ ಅಲ್ಲಿ. ಇನ್ನೊಂದು ಕತೆ ಹೇಳುವಷ್ಟು ಹೊತ್ತಿಲ್ಲ."

ಹೇಳಿದೆ. ಡಾಕ್ಟರಿಗೆ ಇಂಗ್ಲಿಷಿನಲ್ಲಿ, ಇವಳಿಗೆ ಕನ್ನಡದಲ್ಲಿ, ಎರಡನ್ನೂ ಕಲಸಿ. ನಾನು ಸೇತುವೆಯ ಕಡೆಗೇ ಹೋಗಿರಲಿಲ್ಲ. ನಾರ್ತ್ ಕೆರೊಲಿನಾದ ಕಡಲಂಚಿಗೆ ಆರು ತಾಸು ಡ್ರೈವ್ ಮಾಡಿದ್ದೆ, ಅಲ್ಲಿ ದೊಡ್ಡ ದೋಣಿಯಲ್ಲಿ ಸೀಟು ಕಾದಿರಿಸಿದ್ದೆ. ಹಲಗೆಯ ಮೇಲೆ ಒಂದು ಕಾಲಿಟ್ಟಾಗ ದೋಣಿ ತೂಗಿತು, ಹೊಟ್ಟೆ ತೊಳಸಿತು. ಮಲ್ಪೆಯಲ್ಲೂ ನನಗೆ ಹಾಗೇ ಆಗುತ್ತಿತ್ತು. ನಾನು ದೋಣಿ ಹತ್ತಿದವನೇ ಅಲ್ಲ. ಅವರು ನನ್ನನ್ನು ಬಿಟ್ಟು ಹೋದರು. ಇಡೀ ಬೆಳಿಗ್ಗೆ ದೋಣಿ ಕಟ್ಟುವ ದಕ್ಕೆಯ ಬೆಂಚಿನ ಮೇಲೆ ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ದಕ್ಷಿಣದಿಂದ ಒಂದು ದೋಣಿ ಬಂತು, ಫ್ಲಾರಿಡಾದ ಕೆಳಗಿನ ಹವಳದ ದಿಬ್ಬಗಳಲ್ಲಿ ವಾರವಿಡೀ ಮೀನು ಹಿಡಿದು. ಆ ಮುದಿಮೀನು ಅವರದು. ಮೀನಿನ ವಯಸ್ಸು ಲೆಕ್ಕ ಹಾಕುವ ಕೆಲಸದ ಹುಡುಗಿಯೊಬ್ಬಳು ಬುರುಡೆ ಕೊಯ್ದು, ಎರಡು ಕಲ್ಲು ತೆಗೆದು ಲಕೋಟೆಯಲ್ಲಿ ಹಾಕಿಕೊಂಡಳು. ಮರದ ಉಂಗುರದ ಹಾಗೆ ಅದರಲ್ಲೂ ವರ್ಷಗಳಿರುತ್ತವಂತೆ. ಒಡಲನ್ನು ಅವರು ಕೊಯ್ದುಕೊಂಡರು. ತಲೆಯನ್ನು ಕಸದ ಡಬ್ಬಿಗೆ ಹಾಕಿದರು. ನಾನು ಆ ಡಬ್ಬಿಯಿಂದ ಎತ್ತಿಕೊಂಡೆ.

"ನನ್ನ ಕೈಯೂ ಉರಿಯುತ್ತಿದೆ," ಎಂದೆ ಡಾಕ್ಟರಿಗೆ. "ಬೆಳಿಗ್ಗೆಯಿಂದ."

ಅವಳು ಸಹಿಯ ಕಾಗದವನ್ನು ಎಳೆದುಕೊಂಡು ಓಡಿದಳು. ವಿಷದ ವಿಷಯ ತಿಳಿದವರಿಗೆ ಯಾರೋ ಫೋನ್ ಮಾಡಿದರು. ಕೆರೊಲಿನಾದ ಆ ದಕ್ಕೆಗೆ ಇನ್ನೊಬ್ಬರು ಮಾಡಿದರು, ಒಡಲು ತಿನ್ನಬೇಕಿದ್ದವರನ್ನು ಹುಡುಕಲು. ಭಾವನಿಗೆ ಸೂಜಿಯಲ್ಲಿ ಏನೋ ಕೊಟ್ಟರು. ಮೂವತ್ತೆರಡು ಮೂವತ್ತೊಂಬತ್ತಾಯಿತು. ನಲವತ್ತೆಂಟು. ಐವತ್ತೈದರಲ್ಲಿ ನಿಂತಿತು. ತಂತಿ ಇಳಿಸುವುದು ಬೇಡ, ಕಾಯೋಣ, ಬದುಕುತ್ತಾರೆ. ಆದರೆ ತಣ್ಣಗಿನದು ಸುಡುವುದು ಇನ್ನೂ ಕೆಲವು ವಾರ ಇರುತ್ತದೆ ಎಂದಳು ಡಾಕ್ಟರು.

ಭಾವ ಒಂದು ಕಣ್ಣು ತೆರೆದರು. "ಲುಂಗಿ?" ಎಂದರು.

"ಪ್ಯಾಂಟ್ ಹಾಕಿದ್ದೆ ಭಾವ."

"ಕಾಫಿ?"

"ಅದು ಇತ್ತು."

ಅವರು ಕಣ್ಣು ಮುಚ್ಚಿದರು. ತುಟಿಯ ತುದಿ ಅಲುಗಿದ್ದು ನಗುವೋ, ಉರಿಯೋ, ಗೊತ್ತಾಗಲಿಲ್ಲ. ಜಲಜಾಕ್ಷಿ ನಗಲಿಲ್ಲ. ಮಂಚದ ಆಚೆ ಬದಿಯಲ್ಲಿ ನಿಂತು, ಅಣ್ಣನ ಪಾದಕ್ಕೆ ಬೆಚ್ಚಗಿನ ಹೊದಿಕೆ ಸರಿಮಾಡಿ, ಶನಿವಾರ ಅಡಿಗೆಮನೆಯಲ್ಲಿ ನೋಡಿದ ಹಾಗೆಯೇ ನನ್ನನ್ನು ನೋಡಿದಳು.

"ಒಂದೇ ಕೇಳ್ತೇನೆ," ಎಂದಳು. "ಡಬ್ಬಿಯಿಂದ ಎತ್ತುವಾಗ, ಅದನ್ನು ತಿನ್ಬೇಡಿ ಅಂತ ಅಲ್ಲಿ ಯಾರಾದ್ರೂ ನಿಮಗೆ ಹೇಳಿದ್ರಾ?"

ಇಪ್ಪತ್ತು ವರ್ಷದಲ್ಲಿ ಅವಳ ಯಾವ ಪ್ರಶ್ನೆಗೂ ನಾನು ಒಂದೇ ಮಾತಿನಲ್ಲಿ ಉತ್ತರ ಕೊಟ್ಟವನಲ್ಲ. ಲಕೋಟೆ ಹಿಡಿದಿದ್ದ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಅವಳು ನನ್ನ ತೋಳು ಹಿಡಿದು ನಿಲ್ಲಿಸಿ, ಎರಡು ಸಲ, ಬಿಡಿಬಿಡಿಸಿ ಹೇಳಿದ್ದಳು. ನಾನು ನಕ್ಕಿದ್ದೆ. ನಾವು ಮಲ್ಪೆಯವರು ಎಂದಿದ್ದೆ.

"ಹೇಳಿದ್ರು," ಎಂದೆ.